ಹಾರ್ನು ನುಂಗಿದ ದೀರ್ಘ

ಕಂದಾಯ ಭವನದ ಎದುರು, ಹೊಂಗೆಯ ಬುಡದಲ್ಲಿ
ನನ್ನ ಮೇಜು. ಮೇಜೆಂದರೆ ಹಲಗೆ, ಹಲಗೆಯಡಿ ಎಣ್ಣೆಡಬ್ಬ,
ಡಬ್ಬದೊಳಗೆ ಇಂಕುಪ್ಯಾಡು, ಗುಂಡುಸೂಜಿ, ಬೆಳಗಿನ ಅರ್ಧ ಬನ್ನು.
ಈ ಸಾಲಿನಲ್ಲಿ ಇನ್ನೂ ಬಡಿಯುವ ಮಿಷನ್ನು ಎರಡೇ.
ಬಾಡಿಗೆ ಕರಾರು ಪುಟಕ್ಕೆ ಮೂವತ್ತು.
ತಪ್ಪು ಬಿದ್ದರೆ ಸ್ಟ್ಯಾಂಪ್ ಪೇಪರು ನನ್ನ ಲೆಕ್ಕ.

ನನಗೆ ಬರುವುದು ಬೇಲಿಯ ಇಂಗ್ಲಿಷು.
ಅದರಲ್ಲಿ ಯಾರನ್ನೂ ಹೇಗಿದ್ದೀರಿ ಎನ್ನಲಾರೆ,
ಮೋಡ ಕವಿದಿದೆ, ಕೊಡೆ ತಂದಿರಾ ಎನ್ನಲಾರೆ.
ಆದರೆ
ಹನ್ನೊಂದು ತಿಂಗಳಿಗೆ ಮೀರದಂತೆ,
ಲಿಖಿತ ಒಪ್ಪಿಗೆ ಪಡೆಯದ ಹೊರತು,
ಈ ಕೆಳಕಂಡ ಷರತ್ತುಗಳಿಗೆ ಒಳಪಟ್ಟು
ಇವೆಲ್ಲ ನಿದ್ದೆಯಲ್ಲೂ ಬೆರಳಿಗೆ ಬರುತ್ತವೆ ಇಂಗ್ಲಿಷಿನಲ್ಲಿ.
ತಂಗಿಯನ್ನು ಹಬ್ಬಕ್ಕೆ ಕರೆಯುವಾಗ
"ತಾವು ಬರತಕ್ಕದ್ದು" ಎಂದು ಬರೆದು
ಬೈಸಿಕೊಂಡಿದ್ದೇನೆ.

ಕಲಿಸಿದವರು ಫಿಲೋಮಿನಾ ಟೀಚರು,
ಕಾಕ್ಸ್‌ಟೌನಿನ ಮಹಡಿ, ಹನ್ನೆರಡು ಮಿಷನ್ನಿನ ಗದ್ದಲ,
ಅದರ ಮೇಲೆ ಅವರ ಕೂಗು:
"ಓನ್ಲಿಯನ್ನ ನಂಬಬೇಡ ಕಣೇ, ಬೀದಿನಾಯಿ ಅದು,
ಎಲ್ಲಿ ಬಿಡ್ತೀಯೋ ಅಲ್ಲಿ ಪಕ್ಕದವನ ಕಾಲು ಹಿಡಿಯುತ್ತೆ.
ಇಫ್ ಅಂದ್ರೆ ಬಾಗಿಲು.
ಓನ್ಲಿ ಇಫ್ ಅಂದ್ರೆ ಆ ಮನೆಗೆ ಅದೊಂದೇ ಬಾಗಿಲು."

ನನಗದು ಹತ್ತಿದ್ದು ಬಸ್ಸಿನಲ್ಲಿ, ಮನೆಗೆ ಹೋಗುವಾಗ, ಕನ್ನಡದಲ್ಲಿ.
ಕೊಟ್ಟರೆ.
ಕೊಟ್ಟರೇ.
ನಡುವೆ ಒಂದು ದೀರ್ಘ.
ಕಾಗದದ ಮೇಲೆ ಸಣ್ಣ ಸುರುಳಿ, ಬಾಯಲ್ಲಿ ಅರೆ ಉಸಿರು.

ಇವತ್ತು ಲಗ್ಗೆರೆಯ ಮುನಿಯಲ್ಲಪ್ಪನವರು,
ಸ್ಟೂಲಿನ ತುದಿಯಲ್ಲಿ ನರ್ಸಿಂಗ್ ಹೋಮಿನ ಆಯಾ ಕೆಂಚಮ್ಮ,
ಅವಳಿಗೆ ಒರಗಿ ಯೂನಿಫಾರ್ಮಿನ ಮಗಳು.
ಒಂದು ರೂಮು, ಶೀಟಿನ ಸೂರು. ಅಡ್ವಾನ್ಸು ನಲವತ್ತು ಸಾವಿರ.
ಹೇಳುತ್ತಾ ಹೋದರು, ನಾನು ಬಡಿಯುತ್ತಾ ಹೋದೆ:
ನೆಂಟರು ಇಬ್ಬರಿಗೆ ಮೀರಕೂಡದು,
ಇಬ್ಬರೂ ಮೂರು ರಾತ್ರಿಗೆ ಮೀರಕೂಡದು,
ನೀರು ಆರರಿಂದ ಆರೂವರೆ,
ಗೋಡೆಗೆ ಮೊಳೆ
("ಎಷ್ಟು ಅಂತ ಹಾಕ್ಲಿ?")
ಒಂದು. ದೇವರಿಗೆ.
ಕೆಂಚಮ್ಮ ಎಲ್ಲದಕ್ಕೂ ಹೂಂ ಎಂದಳು,
ಮೊಳೆಗೆ ಮಾತ್ರ ಸ್ವಲ್ಪ ತಡೆದು.

"ಬಿಡುವಾಗ ಬಣ್ಣ ಹೊಡಿಸಿ ಕೊಟ್ಟರೆ ಅಡ್ವಾನ್ಸ್ ವಾಪಸ್ಸು."
"ಕೊಟ್ಟರೆಯೋ, ಕೊಟ್ಟರೇಯೋ?" ಎಂದೆ.
ಅವರ ಕಿವಿಯಲ್ಲಿ ಫೋನು. "ಅದೇಮ್ಮಾ, ಕೊಟ್ರ..."
ಮೆಜೆಸ್ಟಿಕ್ಕಿನ ಬಸ್ಸೊಂದು ಹಾರ್ನು ಹೊಡೆಯಿತು,
ಆ ಸ್ವರ ಅದರಡಿ ಸಿಕ್ಕಿತು.
ಎಳೆದರೋ ಇಲ್ಲವೋ.

ಇನ್ನೊಮ್ಮೆ ಕೇಳಬಹುದಿತ್ತು.
ಇಪ್ಪತ್ತಾರು ವರ್ಷ ಕೇಳಿದ್ದೇನೆ.
ಬೆರಳು ಇಫ್ ಬಡಿದು ಮುಂದೆ ಹೋಯಿತು.

ಮಗಳು ಓದಿದಳು, ಸಾಲಿನಡಿ ಉಗುರು ಎಳೆಯುತ್ತಾ,
ಶಲ್ ಬಂದಲ್ಲೆಲ್ಲ ತುಟಿ ದುಂಡಗೆ ಮಾಡುತ್ತಾ.
ಎಂಟನೇ ಕಲಮಿಗೆ ನಿಂತಳು. ನನ್ನ ಕಡೆ ಬಗ್ಗಿ, ಮೆಲ್ಲಗೆ:
"ಆಂಟಿ, ಹೊಡಿಸಿದ್ರೆ ಕೊಡ್ತಾರೆ ಅಂತಿದೆ.
ಹೊಡಿಸದಿದ್ರೆ ಕೊಡಲ್ಲ ಅಂತ ಎಲ್ಲೂ ಇಲ್ವಲ್ಲ?"
"ಓದಿ ಆಯ್ತಾ? ಅಮ್ಮನ ಹೆಬ್ಬೆಟ್ಟು ಒತ್ತಿಸು" ಎಂದೆ,
ಪ್ಯಾಡಿನ ಮುಚ್ಚಳ ತೆಗೆದು.

ಗೊತ್ತು ನನಗೆ. ಹನ್ನೊಂದನೇ ತಿಂಗಳು
ಬಾಗಿಲಲ್ಲಿ ನಿಂತು ಯಾರೂ ಎಂಟನೇ ಕಲಮು ಓದುವುದಿಲ್ಲ.
ದುಡ್ಡು ಇರುವ ಕೈ ಮುಚ್ಚಿದರೆ ಮುಚ್ಚಿತು,
ಅದಕ್ಕೆ ವ್ಯಾಕರಣವಿಲ್ಲ.
ಆದರೂ ಒಂದು ಮಗುವಿಗೆ ಗೊತ್ತಿದೆ,
ಆ ಮನೆಗೆ ಇನ್ನೊಂದು ಬಾಗಿಲಿದೆ ಎಂದು.

ಮೂರು ಪುಟ, ತೊಂಬತ್ತು.
ಮುನಿಯಲ್ಲಪ್ಪನವರು ಎಂಬತ್ತು ಎಣಿಸಿಟ್ಟರು.
"ಚಿಲ್ಲರೆ ಇದ್ದಿದ್ರೆ ಕೊಡ್ತಿದ್ದೆ ಕಣಮ್ಮಾ."
ಆಗ ಯಾವ ಬಸ್ಸೂ ಬರಲಿಲ್ಲ.
ಹ್ರಸ್ವ. ಸ್ಪಷ್ಟವಾಗಿ ಕೇಳಿಸಿತು.